ಬಾರದ ಮೆಟ್ರೊ

ಮಾರ್ಚ್ ೧೨, ಗುರುವಾರ.

ಅಕ್ಕನಿಗೆ ಇವತ್ತೂ ನಿಜ ಹೇಳಲಾಗಲಿಲ್ಲ. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಭಾವ ಮೆಟ್ಟಿಲು ಹತ್ತಲಾರರು. ಕೆಳಗೊಂದು ಬಚ್ಚಲುಮನೆ ಕಟ್ಟಿಸಲು ಅನುಮತಿ ಸಿಗುತ್ತಿಲ್ಲ. ಮುಂದೆ ಬರಲಿರುವ ಮೆಟ್ರೊ ಆ ಮನೆಯ ಮೇಲೆಯೇ ಹಾದುಹೋಗುತ್ತದಂತೆ. ಆ ಮೆಟ್ರೊದ ನಕ್ಷೆ ಬರೆಯುವವಳು ನಾನೇ.

ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಮುಖ್ಯ ಎಂಜಿನಿಯರರನ್ನು ಕೇಳಿದೆ. "ಸರ್, ಈ ಮೆಟ್ರೊ ಆಗೋದಿಲ್ಲ ಅಂತ ಎಲ್ಲರಿಗೂ ಗೊತ್ತು. ರದ್ದು ಮಾಡಿಬಿಡಬಹುದಲ್ಲ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಕಟ್ಟಿದ್ರೆ ಒಂದೇ ಸಲ ರಿಬ್ಬನ್ ಕತ್ತರಿಸ್ಬಹುದು ಕಣಮ್ಮ. ಕಟ್ಟದೆ ಇಟ್ಕೊಂಡ್ರೆ ಪ್ರತಿ ಚುನಾವಣೆಗೂ ಭರವಸೆ ಕೊಡೋಕೆ ಬರುತ್ತೆ. ಆ ಕಡೆ ಸೈಟುಗಳಿಗೆ ಬೆಲೆ ಬಂದಿರೋದೂ ಇದರಿಂದಲೇ. ರದ್ದು ಅಂದ್ರೆ ಸೈಟು ಮಾರೋರು ಸುಮ್ಮನಿರ್ತಾರಾ?"

ಸೋಮವಾರ ಮಂತ್ರಿಗಳ ಸಭೆಯಿದೆ, ನಿಲ್ದಾಣಗಳ ಬಣ್ಣ ಬದಲಿಸಿ, ದಾರಿಗೆ ಬರುವ ಮನೆಗಳ ಜಾಗದಲ್ಲಿ ಮರ ತೋರಿಸಿ ಹೊಸ ನಕ್ಷೆ ಕೊಡು ಎಂದರು. ಸಂಜೆಯವರೆಗೂ ಕೂತು ಬಣ್ಣ ತುಂಬಿದೆ. ಅಕ್ಕನ ಮನೆಯಿರುವ ಜಾಗದಲ್ಲಿ ಅವರು ಹೇಳಿದಂತೆ ಎರಡು ಮರ ಬರೆದೆ. ಬರೆಯುವಾಗ ಏನೂ ಅನಿಸಲಿಲ್ಲ. ಅದೇ ಈಗ ಕೊರೆಯುತ್ತಿದೆ.

ಮನೆಗೆ ಬಂದಾಗ ಅಕ್ಕನ ಫೋನ್. ವಿಚಾರ ಮಾಡುತ್ತಾರಂತೆ ಎಂದೆ.

"ನೀನು ಅಲ್ಲೇ ಇದ್ದೀಯಲ್ಲ ಪುಟ್ಟಿ, ನಮಗೆ ಅದೊಂದೇ ಸಮಾಧಾನ," ಎಂದಳು.

ಹೌದು, ಅಲ್ಲೇ ಇದ್ದೇನೆ. ನಾಳೆಯೂ ಬೇಗ ಹೋಗಬೇಕು, ಕೊನೆಯ ನಿಲ್ದಾಣಕ್ಕೆ ಇನ್ನೂ ಬಣ್ಣ ತುಂಬಿಲ್ಲ.