ಮೊದಲ ಬುಟ್ಟಿ

ಆಳಂದ
ಸೋಮವಾರ, ೨೪ ಮೇ ೧೯೪೩

ಅಕ್ಕ ಸುಭದ್ರಾಬಾಯಿಗೆ ತಂಗಿ ಗುರುಬಾಯಿಯ ಶರಣಾರ್ಥಿ.

ಈಗ ದೀಪ ಹಚ್ಚುವ ಹೊತ್ತು. ಹಚ್ಚಿ, ಅದರ ಮುಂದೆಯೇ ಬರೆಯಲು ಕೂತಿದ್ದೇನೆ. ಬೆಳಿಗ್ಗೆ ಜೋಳ ಹಸನು ಮಾಡಿದೆ. ಮಧ್ಯಾಹ್ನ ಸೆಕೆಗೆ ಕಣ್ಣು ಹತ್ತಲಿಲ್ಲ. ಇಳಿಹೊತ್ತಿಗೆ ಹುಡುಗರು ಬಂದು ಹೋದರು. ದಿನ ಇಷ್ಟೇ.

ಜೇವರ್ಗಿಗೆ ಬಂದುಬಿಡು ಎಂದು ಬರೆದಿದ್ದೀ. ಈಗಲೇ ಹೇಗೆ ಬರಲಿ? ಮಗ ಮಲ್ಲಣ್ಣ ಹೋದ ಮೇಲೆ ಎತ್ತುಗಳನ್ನೂ ಕೊಟ್ಟುಬಿಟ್ಟೆ, ಅವುಗಳ ಗಂಟೆಯ ಸದ್ದೂ ನಿಂತಿತು. ಈಗ ಮನೆಯಲ್ಲಿ ಸದ್ದೆಂದರೆ ನಾನು ರೊಟ್ಟಿ ಬಡಿಯುವುದೊಂದೇ. ಆದರೂ ಇಲ್ಲಿ ಒಂದು ಕೆಲಸ ಉಳಿದಿದೆ.

ಹುಡುಗರು ಎಂದರೆ ಮಲ್ಲಣ್ಣನ ಗೆಳೆಯರು. ಹೋದ ಮಳೆಗಾಲದ ಕಾಲರಾದಲ್ಲಿ ಅವನು ಹೋದ ಮೇಲೆ, ಓಣಿಯ ಭಾವಿಯ ಸುತ್ತ ಒಂದು ತಿಪ್ಪೆಯನ್ನೂ ಉಳಿಸಬಾರದೆಂದು ಅವರು ಮಾತು ಮಾಡಿಕೊಂಡರು. ನೀನು ನೋಡಿದ್ದೀಯಲ್ಲ, ಸಗಣಿ, ಬೂದಿ, ಮನೆಯ ಕಸ, ಎಲ್ಲ ಬಾಗಿಲ ಮುಂದಿನ ತಿಪ್ಪೆಗೇ. ಮಳೆ ಬಿದ್ದರೆ ಅದರ ನೀರು ಇಳಿಜಾರು ಹಿಡಿದು ಭಾವಿಗೆ. ಆದರೆ ತಿಪ್ಪೆ ದೊಡ್ಡದಿದ್ದರೆ ಮನೆತನ ದೊಡ್ಡದು ಎನ್ನುವ ಜನ, ಮೊದಲು ಯಾರೂ ಮುಟ್ಟಗೊಡಲಿಲ್ಲ. ಮೂಲೆಮನೆಯ ದೌಲತರಾಯ ಬಡಿಗೆ ಹಿಡಿದು ನಿಂತು, ನಮ್ಮ ಲಕ್ಷ್ಮೀಗಿ ಕೈ ಹಚ್ತೀರೇನ್ಲೇ ಎಂದನಂತೆ. ಹುಡುಗರಲ್ಲೊಬ್ಬ, ಕೇರಿಯ ಹುಲೆಪ್ಪ ನಕ್ಕು, ಲಕ್ಷ್ಮೀನ ನಿಮ್ಮ ಹೊಲದಾಗೇ ಕೂಡಸ್ತೇವ್ರಿ ಧಣಿ, ಭಾವ್ಯಾಗ ಬ್ಯಾಡ್ರಿ ಎಂದನಂತೆ. ಆ ಭಾವಿಯಲ್ಲಿ ಹಗ್ಗ ಬಿಡಲು ಹುಲೆಪ್ಪನಿಗೆ ಇಂದಿಗೂ ಅಪ್ಪಣೆ ಇಲ್ಲ.

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಲ್ಲ, ಹುಡುಗರಿಗೂ ಬಿಡುವು. ಅಂದು ಮನೆಮನೆಗೆ ಹೋಗಿ ಕೇಳುತ್ತಾರೆ. ಒಪ್ಪಿದವರ ತಿಪ್ಪೆಯನ್ನು ಮಂಗಳವಾರ ಗೆಳೆಯ ಅಂಬಾರಾಯನ ಬಂಡಿಯಲ್ಲಿ ಹೊಲಕ್ಕೆ ಸಾಗಿಸುತ್ತಾರೆ. ಕಡೆಗೆ ದೌಲತರಾಯನೂ ಒಪ್ಪಿದ. ಉಳಿದದ್ದು ನಮ್ಮದೊಂದೇ.

ಪ್ರತಿ ಸೋಮವಾರ ಕೇಳುತ್ತಿದ್ದರು. ಈ ಮನೆಯಲ್ಲಿ ತಿಪ್ಪೆಯ ಮೊದಲ ಬುಟ್ಟಿಯನ್ನು ಮನೆಯ ಗಂಡಸೇ ಎತ್ತಬೇಕು, ಯಜಮಾನರು ಹೋಗಿ ವರ್ಷಗಳಾದವು, ಮಗನೂ ಇಲ್ಲ, ಯಾರು ಎತ್ತಬೇಕಪ್ಪ ಎನ್ನುತ್ತಿದ್ದೆ. ಅವರು ಒತ್ತಾಯ ಮಾಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ನಾನು ಹುರಿದಿಟ್ಟ ಶೇಂಗಾ ತಿಂದು, ಒಬ್ಬರ ಕಾಲು ಒಬ್ಬರು ಎಳೆದು, ನೀರು ಕುಡಿದು ಹೋಗುತ್ತಿದ್ದರು. ಹುಲೆಪ್ಪ ಮೊದಮೊದಲು ಅಂಗಳದಾಚೆ ನಿಲ್ಲುತ್ತಿದ್ದ, ನಾನೇ ಕಟ್ಟೆಗೆ ಕರೆದೆ. ಓಣಿಯವರು ಏನೇನೋ ಅಂದರು. ಅನ್ನಲಿ.

ಇವತ್ತು ಹುಡುಗರು ಕೇಳುತ್ತಿದ್ದಾಗಲೇ ಪಕ್ಕದ ಮನೆಯ ಜೈತುನಬಿ ಕೊಡ ಹೊತ್ತು ಹೋಗುತ್ತಿದ್ದವಳು ನಿಂತಳು. ರೋಹಿಣಿ ಮಳಿ ಬಂತಲ್ಲ ಬೇ ಗುರುಬಾಯಿ, ನಮ್ಮ ಸೊಸಿಗಿ ದಿನಾ ತುಂಬ್ಯಾವ, ನಿನ್ನ ತಿಪ್ಪಿ ನೀರ ಆಕಿಗಿ ಕುಡಸ್ಲೇನು ಎಂದಳು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವವಳ ಹಾಗೆ. ಮಲ್ಲಣ್ಣ ಕುಡಿದದ್ದೂ ಅದೇ ನೀರು. ಇಷ್ಟು ತಿಂಗಳಲ್ಲಿ ಆ ಮಾತನ್ನು ಹುಡುಗರು ಒಮ್ಮೆಯೂ ಬಾಯಿಗೆ ತಂದಿಲ್ಲ. ನಾನೂ ನನ್ನೊಳಗೆ ಅಂದುಕೊಂಡಿರಲಿಲ್ಲ.

ಒಯ್ಯಿರಪ್ಪ, ಮೊದಲ ಬುಟ್ಟಿ ನಾನೇ ಎತ್ತುತ್ತೇನೆ ಎಂದೆ. ನಡೀತದೇನ್ರಿ ಅವ್ವಾ ಎಂದ ಹುಲೆಪ್ಪ. ನಡೀತದ ಎಂದೆ. ಅವರ ಖುಷಿ ನೀನು ನೋಡಬೇಕಿತ್ತು. ಬಂಡಿ ಸಜ್ಜು ಮಾಡಲು ಎಲ್ಲರೂ ಓಡಿದರು. ಶೇಂಗಾ ಹಾಗೇ ಉಳಿದಿದೆ. ನೀರೂ ಕುಡಿಯಲಿಲ್ಲ.

ಭಾವನವರಿಗೆ ಶರಣು ಹೇಳು.

ನಿನ್ನ ತಂಗಿ,
ಗುರುಬಾಯಿ

ತಾ.ಕ.: ಗಂಡಸೇ ಎತ್ತಬೇಕೆಂಬ ರೂಢಿ ಈ ಮನೆಯಲ್ಲಿ ಎಂದೂ ಇರಲಿಲ್ಲ. ನಮ್ಮತ್ತೆ ಎತ್ತುತ್ತಿದ್ದರು, ಆಮೇಲೆ ನಾನು. ತಿಪ್ಪೆ ಹೋದರೆ ಸೋಮವಾರ ಯಾರು ಬರುತ್ತಾರೆ ಅಕ್ಕ, ಅದಕ್ಕೇ ಹಾಗೆ ಹೇಳಿದೆ. ನಿನ್ನಲ್ಲೇ ಇರಲಿ. ನಾಳೆ ರೋಹಿಣಿ ಮಳೆ ಕೂಡುತ್ತದೆ. ಹೊತ್ತು ಮೂಡುವುದರೊಳಗೆ ಬಂಡಿ ಬರುತ್ತದೆ.