ಕೇಳುವ ಮುಂಚೆಯೇ ಕೊಡುತ್ತಿದ್ದ ಅತ್ತೆಗೆ

ಅತ್ತೆ, ನಿಮ್ಮ ಬಾಯಿಬಡುಕಿ ಸೊಸೆ ಬರೆಯುತ್ತಿದ್ದೇನೆ. ಎದುರಿಗಿದ್ದಾಗ ನಿಮ್ಮನ್ನು ಒಂದು ದಿನವೂ ಹೊಗಳಿದವಳಲ್ಲ. ಹೊಗಳಿದ್ದರೆ ನೀವಾದರೂ ನಂಬುತ್ತಿದ್ದಿರಾ? “ಏನ್ ಬೇಕಾಗೇತಿ ಹೇಳು ಮೊದ್ಲು” ಅನ್ನುತ್ತಿದ್ದಿರಿ. ಈಗ ಏನೂ ಬೇಕಾಗಿಲ್ಲ, ಅದಕ್ಕೇ ಧೈರ್ಯವಾಗಿ ಹೇಳಿಬಿಡುತ್ತೇನೆ. ನಿಮ್ಮ ಬಗ್ಗೆ ನನಗೆ ಬಹಳ ಹೆಮ್ಮೆ.

ದಾವಣಗೆರೆಯಿಂದ ನೀವು ಬೆಂಗಳೂರಿನ ಸಿಂಗಸಂದ್ರದ ನಮ್ಮ ಫ್ಲಾಟಿಗೆ ಬಂದಿಳಿದ ದಿನ ನೆನಪಾಗುತ್ತದೆ. ನಮ್ಮ ಗಾನವಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿ ಕೆಲವೇ ದಿನಗಳಾಗಿದ್ದವು. ನಾಲ್ಕು ವರ್ಷದ ಮಗುವಿನ ಬಾಯಲ್ಲಿ ಒಂದೂ ಮಾತಿರಲಿಲ್ಲ. ನೀವು ಸೆರಗು ಸಿಕ್ಕಿಸಿ ನಿಂತುಬಿಟ್ಟಿರಿ. ಅವಳಿಗೆ ಬಾಯಾರುವ ಮೊದಲೇ ನೀರು, ಹಸಿಯುವ ಮೊದಲೇ ತುತ್ತು. ಎಂದಾದರೂ ಕಿರುಚಿದರೆ ಡಬ್ಬಿಯಿಂದ ಕೊಡುಬಳೆ. “ನಮ್ಮನೀಗೆ ಬಂದೋರು ಬಾಯಿಬಿಟ್ಟು ನೀರು ಕೇಳಿದ್ರೆ ನಮ್ಮ ಮಾನ ಹೋದಂಗ” ಎನ್ನುವ ದಾಸೋಹದ ಮನೆಯಲ್ಲಿ ಬೆಳೆದವರು ನೀವು. ಹಾಗಿರುವಾಗ ಮೊಮ್ಮಗಳು ಕೇಳಲಿ ಎಂದು ಕಾಯುವುದುಂಟೇ?

ಥೆರಪಿ ಸೆಂಟರಿನಲ್ಲಿ ನಮಗೆ ಕಲಿಸುವ ಫರ್ಜಾನಾ ಮನೆಗೆ ಬಂದು ಇದನ್ನೆಲ್ಲ ನೋಡಿದಾಗ ಏನು ಹೇಳಿದಳು, ನೆನಪಿದೆಯೇ? “ಅಜ್ಜಿ, ಕಿರುಚಿದ್ರೆ ಕೊಡುಬಳೆ ಸಿಗತ್ತೆ ಅಂತ ಅವಳು ಕಲ್ತುಬಿಟ್ಟಿದ್ದಾಳೆ. ಜಾಣೆ ಕಣ್ರೀ ಅವಳು. ಇನ್ಮೇಲೆ ಕೈ ತೋರಿಸಿದ್ರೆ ಸಿಗತ್ತೆ ಅಂತ ಕಲಿಸೋಣ. ಕೊಡೋಕೆ ಮುಂಚೆ ಒಂಚೂರು ತಡೀರಿ, ಅಷ್ಟೇ. ಅವಳನ್ನ ಅಳಿಸ್ಬೇಡಿ, ದಣಿಸ್ಬೇಡಿ.” ಅವಳು ಮೆಟ್ಟಿಲಿಳಿಯುವುದನ್ನೇ ಕಾದಿದ್ದು ನೀವು ನನ್ನ ಮೇಲೆ ಹರಿಹಾಯ್ದಿರಿ. “ಕೂಸಿನ ಮುಂದ ನೀರು ಹಿಡಕೊಂಡು ಸತಾಯಿಸೂ ವಿದ್ಯಾನ ಇದು? ದುಡ್ಡು ಕೊಟ್ಟು ಕಲೀತೀರೇನು?”

ಆಮೇಲಿನ ವಾರ ದೇವರಿಗೇ ಪ್ರೀತಿ. ಡಬ್ಬಿಯನ್ನು ನಾನು ಎತ್ತಿಟ್ಟೆ. ಕೊಡುಬಳೆ ಬರದೇ ಹೋದಾಗ ಗಾನವಿಯ ಕಿರುಚಾಟ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಮೊದಮೊದಲು ಹೀಗೇ ಆಗುತ್ತದೆ ಎಂದು ಫರ್ಜಾನಾ ಎಚ್ಚರಿಸಿದ್ದಳು, ನಿಜ. ಆದರೆ ಕೇಳುವ ಕಿವಿಗೆ ಅದು ಗೊತ್ತಾಗಬೇಕಲ್ಲ? ಒಂದು ಸಂಜೆ ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಆಫೀಸಿನಿಂದ ಬಂದು ನೋಡಿದರೆ ಬಾಗಿಲ ಬಳಿ ನಿಮ್ಮ ಬ್ಯಾಗು, ಅದರ ಮೇಲೆ ಗಾನವಿಯ ಸ್ವೆಟರು. “ಕೂಸನ್ನ ಊರಿಗೆ ಕರ್ಕೊಂಡು ಹೋಗ್ತೀನಿ. ನೀವಿಬ್ರೂ ಬೇಕಾದ್ದು ಕಲ್ಕಂಡು ಆಮ್ಯಾಲೆ ಬರ್ರಿ.” ನಿಮ್ಮ ಮಗ ಗೋಡೆ ನೋಡುತ್ತಾ ನಿಂತಿದ್ದರು. ಅಂದು ನೀವು ಹೊರಟೇಬಿಟ್ಟಿದ್ದರೆ ಥೆರಪಿ ಅಲ್ಲಿಗೇ ನಿಲ್ಲುತ್ತಿತ್ತು, ಮತ್ತೆ ಮಗು... ನಾಳೆ ಒಂದು ಸಲ ಸೆಂಟರಿಗೆ ಬನ್ನಿ, ಆಮೇಲೆ ನಿಮ್ಮಿಷ್ಟ ಎಂದು ಬೇಡಿಕೊಂಡೆ.

ಸೆಂಟರಿನ ಆ ಪುಟ್ಟ ಕೋಣೆಯಲ್ಲಿ ನೀವು ಮುಖ ಗಂಟಿಕ್ಕಿಕೊಂಡು ಕೂತಿರಿ. ಫರ್ಜಾನಾ ವಾದಕ್ಕಿಳಿಯಲಿಲ್ಲ. “ಅಜ್ಜಿ, ನಿಮ್ ಥರ ನೋಡ್ಕೊಳ್ಳೋರು ಯಾರೂ ಇಲ್ಲ. ನೀವಿದ್ರೆ ಅವಳು ಏನೂ ಕೇಳ್ಬೇಕಾಗೇ ಇಲ್ಲ. ಆದ್ರೆ ಸ್ಕೂಲಲ್ಲಿ ನೀವಿರಲ್ಲ, ಬಸ್ಸಲ್ಲಿ ನೀವಿರಲ್ಲ. ಅಲ್ಲಿ ಅವಳಿಗೆ ಬಾಯಾರಿದೆ ಅಂತ ಯಾರಿಗ್ ಗೊತ್ತಾಗ್ಬೇಕು?” ಆಟೋದಲ್ಲಿ ಮನೆಯವರೆಗೂ ಗಾನವಿಯ ಬೆರಳುಗಳನ್ನು ನೀವುತ್ತಾ ಬಂದಿರಿ. ರಾತ್ರಿ ಊಟಕ್ಕೆ ಮುಂಚೆ ಬ್ಯಾಗಿನ ಬಟ್ಟೆಗಳು ಬೀರುವಿಗೆ ಹಿಂದಿರುಗಿದ್ದವು.

ಮರುದಿನ ಬೆಳಿಗ್ಗೆ ನೀವು ನೀರಿನ ಲೋಟ ಹಿಡಿದು ಅವಳೆದುರು ನೆಲದ ಮೇಲೆ ಕೂತಿದ್ದನ್ನು ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಲೋಟ ಒಮ್ಮೆ ಮುಂದೆ ಹೋಗಿ ಮತ್ತೆ ಹಿಂದೆ ಬರುತ್ತಿತ್ತು. ಜೀವಮಾನವಿಡೀ ಕೇಳುವ ಮುಂಚೆ ಕೊಟ್ಟ ಕೈಗೆ ತಡೆದು ನಿಲ್ಲುವುದು ಎಷ್ಟು ಕಷ್ಟವಾಗಿರಬೇಡ? ಆ ದಿನ ಏನೂ ಆಗಲಿಲ್ಲ, ಒಂದೆರಡು ಉಸಿರು ಕಾದು ನೀವೇ ಕುಡಿಸಿದಿರಿ. ಹಾಗೇ ಎಷ್ಟೋ ಬೆಳಿಗ್ಗೆಗಳು ಕಳೆದವು. ಕೊನೆಗೊಂದು ದಿನ ಗಾನವಿ ಲೋಟದ ಮೇಲೆ ಬೆರಳಿಟ್ಟು ನಿಮ್ಮ ಮುಖ ನೋಡಿದಳು. ನೀವು ಕೂಗಿದ ಕೂಗಿಗೆ ಪಕ್ಕದ ಮನೆಯವರು ಗ್ಯಾಸ್ ಸೋರಿತೋ ಏನೋ ಎಂದು ಓಡಿಬಂದರು. “ಕೇಳಿದ್ಲು! ನನ್ನ ಕೂಸು ನೀರು ಕೇಳಿದ್ಲು!” ಅವರಿಗೇನು ಅರ್ಥವಾಗಿರಬೇಕು, ಪಾಪ.

ಅಲ್ಲಿಂದ ಮುಂದೆ ಶನಿವಾರಗಳಲ್ಲಿ ಸೆಂಟರಿಗೆ ಹೊಸದಾಗಿ ಬಂದ ತಂದೆತಾಯಂದಿರನ್ನು ನೀವು ಮಾತಾಡಿಸದೆ ಬಿಟ್ಟದ್ದುಂಟೇ? ಫ್ಯಾಕ್ಟರಿ ಯೂನಿಫಾರ್ಮಿನಲ್ಲೇ ಬಂದಿದ್ದ ಒಬ್ಬ ತಂದೆ, ಕೈ ತೋರಿಸಿದ ಗಾನವಿಗೆ ಕೊಡುಬಳೆ ಕೊಟ್ಟದ್ದನ್ನು ನೋಡಿ ಒಮ್ಮೆ ಸಿಡುಕಿದ. “ಏನಮ್ಮಾ ಇದು, ನಾಯಿಗೆ ಬಿಸ್ಕತ್ ಹಾಕಿ ಆಟ ಕಲಿಸೋ ಥರ?” ಎಲ್ಲರೂ ನೆಲ ನೋಡಿದೆವು. ಮನಸ್ಸಿನಲ್ಲಿ ನಮಗೂ ಆ ಅನುಮಾನ ಇಲ್ಲದಿರಲಿಲ್ಲ. ನೀವು ಮಾತ್ರ ಅವನ ಪಕ್ಕಕ್ಕೇ ಹೋಗಿ ಕೂತಿರಿ. “ಅಲ್ಲಪ್ಪಾ, ನೀನು ಮೊದಲ್ನೇ ಹೆಜ್ಜಿ ಇಟ್ಟಾಗ ನಿಮ್ಮವ್ವ ಚಪ್ಪಾಳಿ ತಟ್ಟಿರ್ಲಿಲ್ಲೇನು? ನಮ್ಮ ಕೂಸಿಗೆ ಚಪ್ಪಾಳಿ ಸದ್ದು ಕೇಳಿದ್ರೆ ಕಿವಿ ನೋಯ್ತಾವು. ಅದಕ್ಕ ಕೊಡುಬಳಿ. ನಿನ್ನ ಮಗನಿಗೆ ಯಾವುದು ಚಪ್ಪಾಳಿ ಅಂತ ನೀನ ಹುಡುಕಬೇಕು. ಕೂಸನ್ನ ಬದಲು ಮಾಡಾಕ ಅಲ್ಲಪ್ಪಾ ಇದು. ಅದು ಹೇಳೂದು ನಮಗ ತಿಳೀಲಿ ಅಂತ.” ಕೊನೆಗೆ ಅವನು, ಮಗನಿಗೆ ಬೆನ್ನು ಉಜ್ಜಿದರೆ ಇಷ್ಟ ಎಂದ. ಬಾಗಿಲಲ್ಲಿ ನಿಂತಿದ್ದ ಫರ್ಜಾನಾ ನನ್ನ ಕಡೆ ನೋಡಿ ಕಣ್ಣು ಒರೆಸಿಕೊಂಡಳು. ನನ್ನ ಎದೆ ಉಬ್ಬಿಹೋಗಿತ್ತು ಅತ್ತೆ. ಅಂದೇ ಹೇಳಬೇಕಿತ್ತು.

ನೀವು ಕಣ್ಣು ಮುಚ್ಚಿದ ಮೇಲೆ ಆ ಶನಿವಾರದ ಕುರ್ಚಿ ನನ್ನ ಪಾಲಿಗೆ ಬಂದಿದೆ. ನಿಮ್ಮ ಚಪ್ಪಾಳೆಯ ಮಾತನ್ನೇ ಹೇಳುತ್ತೇನೆ, ನಿಮ್ಮಷ್ಟು ಚೆನ್ನಾಗಿ ಬರುವುದಿಲ್ಲ. ಗಾನವಿಗೆ ಈಗ ಎಂಟು ವರ್ಷ. ಮಾತು ಬಂದಿಲ್ಲ, ಬರದೆಯೂ ಇರಬಹುದು. ಬೇಕಾದದ್ದನ್ನು ಕೈಯಲ್ಲಿ, ಚಿತ್ರದಲ್ಲಿ ಕೇಳುತ್ತಾಳೆ. ಬೇಡವಾದದ್ದನ್ನು ಬೇಡ ಎನ್ನಲು ಮಾತ್ರ ಮೊನ್ನೆಮೊನ್ನೆಯವರೆಗೂ ಬರುತ್ತಿರಲಿಲ್ಲ. ಎಸೆಯುತ್ತಿದ್ದಳು, ಇಲ್ಲವೇ ಕಿರುಚುತ್ತಿದ್ದಳು. ನೀವಿಲ್ಲದ ಕಡೆ ಅವಳ ಗತಿಯೇನು ಎಂಬ ಭಯ ನನ್ನನ್ನು ಬಿಟ್ಟಿರಲಿಲ್ಲ.

ಈಗ ನೀವು ಕೇಳದ ಸುದ್ದಿ. ಹೋದ ತಿಂಗಳು ನಿಮ್ಮ ತಂಗಿ ಗಿರಿಜಮ್ಮನ ಮನೆಯ ಮದುವೆಗೆ ಹೋಗಿದ್ದೆವು. ಗಾನವಿ ನಮ್ಮೆಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಒಂದು ಹೋಳಿಗೆ ತಿಂದಳು. ಗಿರಿಜಮ್ಮ ಬುಟ್ಟಿ ಹಿಡಿದು ಮತ್ತೆ ಬಂದರು. ಗಾನವಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. ಕಿರುಚಲಿಲ್ಲ, ಎಲೆ ಎಸೆಯಲಿಲ್ಲ, ಕೈ ಅಡ್ಡ ಹಿಡಿದೇ ತಲೆ ಅಲ್ಲಾಡಿಸಿದಳು, ಅಷ್ಟೇ. “ಒಂದ ಒಂದು ಹಾಕಸ್ಕೋ ಕೂಸೇ” ಎಂದು ಅವರು ಬಗ್ಗಿದರು. ಬಡಿಸುವುದರಲ್ಲಿ ನಿಮ್ಮ ತಂಗಿಯಲ್ಲವೇ? ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಗಾನವಿ ಅವರ ಮುಖವನ್ನೇ ನೋಡುತ್ತಾ ಕೈಗಳನ್ನು ಇನ್ನಷ್ಟು ಒತ್ತಿ ಹಿಡಿದಳು. ಗಿರಿಜಮ್ಮ ತಡೆದು ನಿಂತರು. ಆಮೇಲೆ ಅವಳ ತಲೆ ಸವರಿ, “ಆತವ್ವಾ, ನೀ ಬ್ಯಾಡ ಅಂದ್ರೆ ಬ್ಯಾಡ” ಎಂದು ಮುಂದಕ್ಕೆ ಹೋದರು.

ನಾನೂ ಬೇಡ ಅಂದೆ, ನಿಮ್ಮ ಮಗನೂ ಬೇಡ ಅಂದರು. ನಮ್ಮ ಮಾತು ಯಾರು ಕೇಳುತ್ತಾರೆ? ಆ ಇಡೀ ಸಾಲಿನಲ್ಲಿ ಎರಡನೇ ಹೋಳಿಗೆಯಿಂದ ಪಾರಾದವಳು ನಿಮ್ಮ ಮೊಮ್ಮಗಳೊಬ್ಬಳೇ ಅತ್ತೆ.