ಮಂಪರಿನಲ್ಲಿ ಕರೆದ ಹೆಸರು

ಮಾರ್ಚ್ 4, ಮಂಗಳವಾರ, ಆಸ್ಪತ್ರೆ

ತಿಯೋಗೆ ಮತ್ತೆ ಗಂಜಿ. ಎರಡು ಚಮಚ, ಆಮೇಲೆ ವಾಂತಿ. ಬಟ್ಟೆ ಬದಲಿಸಿದೆ. ಗುರುವಾರ ಹೊಟ್ಟೆಯ ಗಡ್ಡೆಗೆ ಆಪರೇಷನ್. ನನ್ನ ಗಂಡ ಚಾಕುವಿಗೆ ಹೆದರಲ್ಲ, ಪ್ರಜ್ಞೆ ತಪ್ಪಿಸೋಕೆ ಮುಖಕ್ಕೆ ಇಡೋ ಮಾಸ್ಕಿಗೆ ಹೆದರ್ತಾನೆ. ಒಮ್ಮೆ ದೋಣಿ ಮಗುಚಿ ಅಡಿಯಲ್ಲಿ ಉಸಿರುಗಟ್ಟಿ ಸಿಕ್ಕಿಕೊಂಡಿದ್ದವನು. ಹೋದ ವರ್ಷ ಹರ್ನಿಯಾಕ್ಕೆ ಮಾಸ್ಕ್ ಇಟ್ಟಾಗ ನರ್ಸಿಗೆ ಒದ್ದಿದ್ದ.

ಅರಿವಳಿಕೆ ಡಾಕ್ಟರ್ ಬಂದಿದ್ರು. ಸಣ್ಣ ವಯಸ್ಸಿನ ಹೆಣ್ಣುಮಗಳು.

"ಈ ಸಲ ಮೊದಲೇ ಒಂದು ಇಂಜೆಕ್ಷನ್ ಕೊಡ್ತೀನಿ ಯಜಮಾನ್ರೇ, ಭಯ ಹೋಗತ್ತೆ. ನೋವಿಗೂ ಮುಂಚೇನೇ ಔಷಧಿ. ಎದ್ಮೇಲೆ ಅಷ್ಟು ನೋಯಲ್ಲ."

"ನನಗೇನು ಭಯ? ನನ್ ಹೆಂಡ್ತಿಗೆ ಕೊಡಿ."

ಮಾರ್ಚ್ 6, ಬೆಳಿಗ್ಗೆ

ಕಾರಿಡಾರಿನಲ್ಲೇ ಬರೀತಿದೀನಿ. ಇಲ್ಲದಿದ್ರೆ ನಾಳೆ ನಾನೇ ನಂಬಲ್ಲ.

ಇಂಜೆಕ್ಷನ್ ಆಗಿ ಸ್ವಲ್ಪ ಹೊತ್ತಿಗೆ ಬಿಗಿದ ಮುಷ್ಟಿ ಬಿಚ್ಚಿತು. ನನ್ನ ಕೈ ಹಿಡ್ಕೊಂಡ — ಯಾವ ಕಾಲ ಆಯ್ತು ಹಿಡಿದು!

"ಲುದಿವಿನಾ ಊಟ ಮಾಡಿದ್ಲೇನೇ?"

ಆ ಹೆಸರು ನಮ್ಮನೇಲಿ ಎತ್ತೋ ಹಾಗೇ ಇಲ್ಲ. ನಮ್ಮ ಮಗಳು ಹೆಂಡತಿ ಇದ್ದವನ ಹಿಂದೆ ಹೋದ ದಿನವೇ, ಅವಳು ಸತ್ತಳು ಅಂದುಬಿಟ್ಟಿದ್ದ.

"ಕರೆಸೇ ಅವಳನ್ನ. ಅಪ್ಪ ಬೈಯಲ್ಲ ಅಂತ ಹೇಳು."

ನಕ್ಕ. ಸ್ಟ್ರೆಚರ್ ತಳ್ಳಿಕೊಂಡು ಹೋದ್ರು. ಲುದಿವಿನಾ ಈಗಿರೋ ಊರು ಬಕೊಲೋಡಿಗೆ ಫೋನ್ ಮಾಡಿದೆ. ಅತ್ತಳು, ಅತ್ತಳು... "ಮಧ್ಯಾಹ್ನದ ಫೆರಿಗೇ ಬರ್ತೀನಮ್ಮಾ."

ಅದೇ ದಿನ, ಮಧ್ಯಾಹ್ನ

ಬೇಗ ಹೊರಗೆ ತಂದ್ರು. ಬೇಗ ಅಂದ್ರೆ ಒಳ್ಳೇದು ಅಂದ್ಕೊಂಡೆ.

ಹೊಟ್ಟೆ ತೆರೆದು ನೋಡಿ ಹಾಗೇ ಹೊಲಿದುಬಿಟ್ಟರಂತೆ. ಎಲ್ಲಾ ಕಡೆ ಹರಡಿದೆ. ಇನ್ನು ಆಪರೇಷನ್ ಇಲ್ಲ.

ಮಾರ್ಚ್ 7

ನೋವು ಅಷ್ಟಿಲ್ಲ ಅಂದ. ಮುಖ ತಿಳಿಯಾಗಿತ್ತು. ಇದೇ ಹೊತ್ತು ಅಂತ ಲುದಿವಿನಾನ ಒಳಗೆ ಕರೆದೆ. ಅವಳ ಕೈಯಲ್ಲಿ ಅಪ್ಪನಿಗಿಷ್ಟದ ಬೆಲ್ಲದ ರೊಟ್ಟಿ.

"ಅಪ್ಪಾ..."

ಗೋಡೆ ಕಡೆ ತಿರುಗಿದ. "ಯಾರು ಕರೆಸಿದ್ದು ಇವಳನ್ನ?"

"ನೀನೇ ಕಣೋ. ನನ್ನ ಕೈ ಹಿಡಿದು ಹೇಳಿದೆಯಲ್ಲೋ!"

"ಸುಳ್ಳು ಬೊಗಳಬೇಡ."

ನೆನಪೇ ಇಲ್ಲ. ಒಂದಕ್ಷರವೂ.

ಅರಿವಳಿಕೆ ಡಾಕ್ಟರ್ ಹತ್ರ ಓಡಿದೆ. "ಆ ಇಂಜೆಕ್ಷನ್ ಹಾಗೇ ಅಮ್ಮಾ. ಕೊಟ್ಟ ಮೇಲೆ ನಡೆದದ್ದು ತಲೇಲಿ ನಿಲ್ಲಲ್ಲ."

"ಮಾತಾಡಿದ್ದು ಅವನೋ, ಔಷಧಿಯೋ?"

"ನಾನು ಹೇಗಮ್ಮಾ ಹೇಳ್ಲಿ?"

"ಇನ್ನೊಂದ್ಸಲ ಕೊಡಿ. ಮಗಳು ಎದುರಿಗೆ ನಿಂತಿರುವಾಗ. ಒಂದೇ ಸಲ."

ನನ್ನ ಭುಜ ಹಿಡ್ಕೊಂಡ್ರು. "ಅದಕ್ಕೆಲ್ಲಾ ಕೊಡೋ ಹಾಗಿಲ್ಲಮ್ಮಾ."

ಮಾರ್ಚ್ 19, ಮನೆ

ಪಾದ್ರಿ ಬಂದು ಕೊನೇ ಪ್ರಾರ್ಥನೆ ಹೇಳಿ, ಹಣೆಗೆ ಎಣ್ಣೆ ಹಚ್ಚಿ ಹೋದ್ರು. ಉಸಿರು ಬೇರೆ ಥರ ಆಗಿದೆ. ಲುದಿವಿನಾ ಹೊರಗೆ ಮೆಟ್ಟಿಲ ಮೇಲೆ. ಒಳಗೆ ಬರಕೂಡದು ಅಂದಿದಾನೆ, ಅವಳೂ ದಾಟಲ್ಲ. ಅಪ್ಪನ ಹಟವೇ ಮಗಳಿಗೂ.

"ಅಮ್ಮಾ, ಆವತ್ತು ಏನಂದ್ರು? ಇನ್ನೊಂದ್ಸಲ ಹೇಳು."

ಹೇಳ್ತೀನಿ. ಇದ್ದದ್ದೇ ಎರಡು ಮಾತು. ನಿನ್ನೆ ಮೂರನೇದು ಸೇರಿಸಿದೆ — ನಿನ್ನ ನೋಡಬೇಕು ಅಂತ ಅತ್ತರು ಅಂದೆ. ದೇವರು ನೋಡ್ಕೊಳ್ಳಲಿ.

ಈಗಷ್ಟೇ ಕಣ್ಣು ಬಿಟ್ಟ. ಬಾಗಿಲ ಕಡೆ ನೋಡಿದ. ತುಂಬಾ ಹೊತ್ತು ನೋಡಿದ.

"ಬಾಗಿಲು ಹಾಕೇ," ಅಂದ.

ಅವಳಿಗೂ ಕೇಳಿಸಿರತ್ತೆ. ಎದ್ದು ಹಾಕಬೇಕು. ಅವಳು ಮೆಟ್ಟಿಲಿಂದ ತಿರುಗಿ ನನ್ನನ್ನೇ ನೋಡ್ತಿದಾಳೆ —